ಎಂಟು ಜನರ ಹೆಸರು ಬರೆದಿಟ್ಟುಕೊಳ್ಳದ ಬೆಳೆಗಾರನಿಂದ, ವಿರೋಧ ಪಕ್ಷದ ನಾಯಕರಿಗೆ

ಶ್ರೀ ಆರ್. ಅಶೋಕ ಅವರಿಗೆ,
ವಿರೋಧ ಪಕ್ಷದ ನಾಯಕರು, ಕರ್ನಾಟಕ ವಿಧಾನಸಭೆ

ನಮಸ್ಕಾರ ಸಾರ್.

ನಾನು ಸೋಮವಾರಪೇಟೆ ಕಡೆಯವನು. ಶನಿವಾರಸಂತೆ ಹತ್ತಿರ 11 ಎಕರೆ ಕಾಫಿ ತೋಟ ಇದೆ. ರಾಜಕೀಯ ಪಕ್ಷದ ಸದಸ್ಯತ್ವ ಯಾವುದೂ ಇಲ್ಲ. ವಿಧಾನಸಭೆ ನಡೆಯುವಾಗ ಟಿವಿ ಮುಂದೆ ಕೂರುವ ಚಟ ಒಂದಿದೆ. ಮನೆಯವಳು ಬೈತಾಳೆ, ಅದು ಬೇರೆ ಮಾತು.

ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ವಿರೋಧ ಪಕ್ಷದಲ್ಲಿ ಯಾರೇ ಇರಲಿ, ಕಾನೂನು ಸುವ್ಯವಸ್ಥೆ ಹದಗೆಟ್ಟಿದೆ, ಬೇರೆ ಕಲಾಪ ಬದಿಗಿಟ್ಟು ಇದನ್ನೇ ಚರ್ಚಿಸಿ ಅಂತ ನಿಲುವಳಿ ಸೂಚನೆ ಕೊಡುತ್ತಾರೆ. ಸ್ಪೀಕರ್ ಅದನ್ನು ನಿಯಮ 69ಕ್ಕೆ, ಅಂದರೆ ಬರೀ ಚರ್ಚೆಗೆ, ಬದಲಿಸುತ್ತಾರೆ. ಆಮೇಲೆ ಒಂದು ದಿನ, ಎರಡು ದಿನ ಮಾತು. ಈಚೆಗೆ ಆ ಮಾತಿನಲ್ಲಿ ಒಂದು ವಿಷಯ ತಪ್ಪದೆ ಬರುತ್ತಿದೆ: ಅಕ್ರಮ ಬಾಂಗ್ಲಾ ವಲಸಿಗರು. ನೀವು ಹೇಳುತ್ತೀರಿ, ನಿಮ್ಮ ಪಕ್ಷದ ಸದಸ್ಯರೂ ಹೇಳುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಹೆಸರೂ ಬರುತ್ತದೆ. ಅಲ್ಲಿಗೆ ನನ್ನ ಕಿವಿ ನಿಮಿರುತ್ತದೆ, ಯಾಕೆಂದರೆ ಆ ತೋಟಗಳಲ್ಲಿ ಒಂದು ನನ್ನದು.

ಸುಮ್ನೆ ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

2025ರ ಜನವರಿ. ರೊಬಸ್ಟಾ ಕುಯ್ಲು ಶುರುವಾಗಿತ್ತು. ಹಿಂದಿನ ವರ್ಷವೇ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10 ಸಾವಿರ ದಾಟಿತ್ತು. ಕಾಫಿ ಬೆಳೆದವರ ಜೀವಮಾನದಲ್ಲಿ ಕಾಣದ ರೇಟು. ರೇಟು ಬಂದರೆ ಕಳ್ಳರೂ ಬರುತ್ತಾರೆ. ಗಿಡದಲ್ಲೇ ಹಣ್ಣು ಸವರಿಕೊಂಡು ಹೋದ ಸುದ್ದಿ, ಕಣದಲ್ಲಿ ಒಣಗಿಸಿದ್ದನ್ನು ಗುಡಿಸಿಕೊಂಡು ಹೋದ ಸುದ್ದಿ ದಿನಾ ವಾಟ್ಸಾಪ್‌ನಲ್ಲಿ ಬರುತ್ತಿತ್ತು. ಬೆಳೆಗಾರರು ರಾತ್ರಿ ಕಣದಲ್ಲೇ ಟಾರ್ಪಾಲ್ ಹೊದ್ದು ಮಲಗುವ ಸ್ಥಿತಿ. ನಾನೂ ಮಲಗಿದೆ, ಒಂಬತ್ತು ರಾತ್ರಿ. ಹತ್ತನೇ ರಾತ್ರಿ ಜ್ವರ ಬಂತು, ಮನೆಯೊಳಗೆ ಮಲಗಿದೆ. ಬೆಳಿಗ್ಗೆ ನೋಡಿದರೆ ಏಳು ಚೀಲ ಇಲ್ಲ. ಆಗಿನ ದರದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಲಕ್ಷ.

ಕೂಲಿಯವರು ಉಳಿಯುವ ಲೈನ್ ಮನೆಯಲ್ಲಿದ್ದ ಎಂಟು ಜನ ಅಸ್ಸಾಮಿಗಳಲ್ಲಿ ಇಬ್ಬರು ನಾಪತ್ತೆ.

'ಅಸ್ಸಾಮಿಗಳು' ಅಂತ ನಮ್ಮ ಕಡೆ ಬಾಯಿಗೆ ಬಂದುಬಿಟ್ಟಿದೆ. ಬಂಗಾಳದವನೂ ಅಸ್ಸಾಮಿ, ಜಾರ್ಖಂಡಿನವನೂ ಅಸ್ಸಾಮಿ, ಅಲ್ಲಿನ ಟೀ ತೋಟದ ಆದಿವಾಸಿಯೂ ಅಸ್ಸಾಮಿ. ವಿಚಾರಿಸುವ ತಾಳ್ಮೆ ನಮಗಿಲ್ಲ. ಮೊದಲು ತಮಿಳುನಾಡಿನವರು, ಕೇರಳದವರು, ಚಿತ್ರದುರ್ಗದ ಕಡೆಯವರು ಬರುತ್ತಿದ್ದರು. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅವರ ಜಾಗಕ್ಕೆ ಇವರು ಬಂದಿದ್ದಾರೆ. ಇವರು ಬರದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಬೀಳುತ್ತದೆ. ಈ ಮಾತನ್ನು ಯಾವ ಬೆಳೆಗಾರನನ್ನು ಬೇಕಾದರೂ ಕೇಳಿ, ಅವನು ಯಾವ ಪಕ್ಷಕ್ಕೇ ವೋಟು ಹಾಕಲಿ.

ಸರಿ, ಠಾಣೆಗೆ ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ: ಹೋದವರ ಹೆಸರೇನು?

ನನ್ನ ಹತ್ತಿರ ಇದ್ದದ್ದು 'ಬಾಬು' ಮತ್ತು 'ಇನ್ನೊಬ್ಬ ಬಾಬು'. ನಗಬೇಡಿ. ಊರು ಯಾವುದು? ಅಸ್ಸಾಂ. ಅಸ್ಸಾಮಿನಲ್ಲಿ ಎಲ್ಲಿ? ಗೊತ್ತಿಲ್ಲ. ಫೋನ್ ನಂಬರ್? ಅವರನ್ನು ಕರೆತಂದ ಮೇಸ್ತ್ರಿ ಹತ್ತಿರ ಇದೆ. ಆಧಾರ್? ಅದೂ ಮೇಸ್ತ್ರಿ ಹತ್ತಿರ. ಮೂರು ತಿಂಗಳು ನನ್ನ ಲೈನ್ ಮನೆಯಲ್ಲಿ ಇದ್ದವರು, ನನ್ನ ಮಗಳ ಮದುವೆಗೆ ಚಪ್ಪರದ ಕಂಬ ಹೊತ್ತವರು. ಅವರ ಹೆಸರು ನಾನು ಬರೆದಿಟ್ಟುಕೊಂಡಿರಲಿಲ್ಲ. ತೋಟದ ಕಾರ್ಮಿಕರ ವಿವರ ಠಾಣೆಗೆ ಕೊಡಿ ಅಂತ ಪೊಲೀಸರು ಹೇಳಿದ್ದು ಕಿವಿಗೆ ಬಿದ್ದಿತ್ತು. ಕುಯ್ಲು ಮುಗಿಯಲಿ ಅಂತ ಮುಂದೂಡಿದ್ದೆ.

ಮೇಸ್ತ್ರಿ ಮಧ್ಯಾಹ್ನದ ಹೊತ್ತಿಗೆ ಜೆರಾಕ್ಸ್ ತಂದ. ಎಂಟು ಜನರಲ್ಲಿ ಐದು ಜನರದ್ದು ಮಾತ್ರ. ಮೂವರ ಹುಟ್ಟಿದ ದಿನ ಜನವರಿ 1. ಎಸ್ಐ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ನನಗೆ ನಮ್ಮ ಅತ್ತೆ ನೆನಪಾದರು. ಅವರ ಆಧಾರ್‌ನಲ್ಲೂ ಜನವರಿ 1 ಇದೆ. ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆ ಕಂಪ್ಯೂಟರ್ ಕೊಡುವ ತಾರೀಖು ಅದು. ಹೋಗಲಿ, ಕಾರ್ಡು ಸರಿಯಾಗಿಯೇ ಇದೆ ಅಂತ ಇಟ್ಟುಕೊಳ್ಳೋಣ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆ ಕಾಯ್ದೆಯೇ ಹೇಳುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಇದ್ದವರಿಗೆ ಕೊಡುವ ನಂಬರ್ ಅದು.

ಉಳಿದ ಆರು ಜನರನ್ನು ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿದರು. ಹೊಡೆಯಲಿಲ್ಲ, ಊಟವನ್ನೂ ಕೊಟ್ಟರು, ನಿಜ ಹೇಳಬೇಕು. ಒಂದು ಫಾರಂ ತುಂಬಿಸಿದರು. ಅದರಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು ಅಂತ ಖಾನೆಗಳಿದ್ದವು. ಬರ್ಪೇಟಾ ಜಿಲ್ಲೆಯ ಹುಡುಗ ಒಬ್ಬ, ಸ್ವಲ್ಪ ಕನ್ನಡ ಕಲಿತವನು, ನನ್ನ ಕಡೆ ತಿರುಗಿ ಕೇಳಿದ: "ಅಣ್ಣಾ, ಹೋಬಳಿ ಅಂದ್ರೆ ಏನು?" ಅಸ್ಸಾಮಿನಲ್ಲಿ ಹೋಬಳಿ ಇಲ್ಲ. ಅವನ ಊರು ಬ್ರಹ್ಮಪುತ್ರದ ನಡುವಿನ ಮರಳು ದ್ವೀಪ. ಅವನು ಹುಟ್ಟಿದ ಮನೆ ಇದ್ದ ಜಾಗದಲ್ಲಿ ಈಗ ನೀರಿದೆಯಂತೆ. ಕಾನ್‌ಸ್ಟೇಬಲ್ ಆ ಖಾನೆಗೆ ಒಂದು ಗೆರೆ ಎಳೆದು ಮುಂದೆ ಹೋದರು.

ಮೂರನೇ ದಿನ ಆ ಆರೂ ಜನ ಲೆಕ್ಕ ಮಾಡಿಸಿಕೊಂಡು ಹೊರಟುಬಿಟ್ಟರು. ಕಾಲುಭಾಗ ಹಣ್ಣು ಇನ್ನೂ ಗಿಡದಲ್ಲೇ ಇತ್ತು. ಚೀಲ ಸಿಗಲಿಲ್ಲ. ಇಬ್ಬರು ಬಾಬುಗಳೂ ಸಿಗಲಿಲ್ಲ. ಅವರು ಬರ್ಪೇಟಾದವರೋ, ಬಂಗಾಳದವರೋ, ಬಾಂಗ್ಲಾದವರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರೇ ಕದ್ದರೋ, ಕಳ್ಳತನ ನೋಡಿ ತಮ್ಮ ತಲೆಗೆ ಬರುತ್ತದೆ ಅಂತ ಓಡಿದರೋ, ಅದೂ ಗೊತ್ತಿಲ್ಲ.

ಈ ಕಥೆಯನ್ನು ಊರಿನಲ್ಲಿ ಹೇಳಿದಾಗ ಎಲ್ಲರೂ ತಲೆ ಆಡಿಸಿ ಹೇಳಿದ್ದು ಒಂದೇ: "ನೋಡಿದ್ಯಾ, ಬಾಂಗ್ಲಾದವರು." ನೀವು ಸದನದಲ್ಲಿ ಹೇಳುವುದೂ ಹೆಚ್ಚು ಕಡಿಮೆ ಅದೇ. ನನಗೆ ಅನಿಸಿದ್ದು ಬೇರೆ. ಅವರು ಯಾವ ದೇಶದವರು ಅನ್ನುವುದು ಎರಡನೇ ಪ್ರಶ್ನೆ, ಸಾರ್. ಮೊದಲನೆಯದು, ಅವರು ಯಾರು? ಅದಕ್ಕೇ ನನ್ನ ಹತ್ತಿರ, ಮೇಸ್ತ್ರಿ ಹತ್ತಿರ, ಠಾಣೆ ಹತ್ತಿರ ಉತ್ತರ ಇರಲಿಲ್ಲ. ಇಷ್ಟಾಗಿಯೂ ಎಲ್ಲರೂ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತಿದ್ದಾರೆ.

ಅಕ್ರಮವಾಗಿ ಬಂದವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. 2021ರಲ್ಲಿ ಬೆಂಗಳೂರಿನ ರಾಮಮೂರ್ತಿನಗರದ ಪ್ರಕರಣ ನಿಮಗೆ ನೆನಪಿರುತ್ತದೆ. ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ಮಾಡಿ, ವಿಡಿಯೊ ಹರಿಯಬಿಟ್ಟಿದ್ದರು. ಮಾಡಿದವರೂ ಹೆಚ್ಚಿನವರು ಅಲ್ಲಿಂದಲೇ ಕದ್ದು ಬಂದವರು, ಮಾನವ ಕಳ್ಳಸಾಗಣೆಯವರು. ನಮ್ಮ ಪೊಲೀಸರು ಜಾಲವನ್ನು ಹಿಡಿದರು. ಒಂದು ವರ್ಷದೊಳಗೆ ಕೋರ್ಟು ಏಳು ಜನರಿಗೆ ಜೀವಾವಧಿ ಕೊಟ್ಟಿತು. ಇದು ಅಪರಾಧ ತಡೆಯುವ ಕೆಲಸ, ಒಪ್ಪುತ್ತೇನೆ. ಆದರೆ ಆ ಹೆಣ್ಣುಮಗಳು ಮೊದಲೇ ಠಾಣೆಗೆ ಹೋಗುವ ಹಾಗಿತ್ತಾ? ಹೋದರೆ ಮೊದಲು ಕೇಳುವುದು ಅವಳ ಕಾಗದವನ್ನೇ ಅಲ್ವಾ? ಅವಳನ್ನು ಹಿಡಿದಿಟ್ಟವರಿಗೆ ಆ ಭಯವೇ ಬೀಗದ ಕೈ. ಕಾಗದ ಇಲ್ಲದವರನ್ನು ಎಷ್ಟು ಹೆದರಿಸಿದರೆ, ಅವರನ್ನು ಇಟ್ಟುಕೊಂಡು ದಂಧೆ ಮಾಡುವವರಿಗೆ ಅಷ್ಟು ಅನುಕೂಲ.

ಕಾಗದ ಇದ್ದವರೂ ಹೆದರುತ್ತಾರೆ, ಅದು ಇನ್ನೊಂದು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಶೆಡ್ ಕೆಡವಿದರು. ಬಾಂಗ್ಲಾದವರು ಇದ್ದಾರೆ ಅಂತ ಒಂದು ವಿಡಿಯೊ ಓಡಾಡಿತ್ತು. ಆಗ ಸರ್ಕಾರ ನಿಮ್ಮದೇ. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಕೈಯಲ್ಲಿ ವೋಟರ್ ಐಡಿ ಹಿಡಿದುಕೊಂಡು. ಹೈಕೋರ್ಟ್ ತಡೆ ಕೊಟ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. 2025ರ ಜೂನ್‌ನಲ್ಲಿ ದೆಹಲಿಯಿಂದ ಹಿಡಿದು ಬಾಂಗ್ಲಾಕ್ಕೆ ದಾಟಿಸಿದವರಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರಿದ್ದರು. ಕಲ್ಕತ್ತಾ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಡಿಸೆಂಬರ್‌ನಲ್ಲಿ ಅವರನ್ನು ವಾಪಸ್ ಕರೆತಂದರು. ಇಂಥ ಸುದ್ದಿ ನಮ್ಮ ಲೈನ್ ಮನೆಗೆ ನನಗಿಂತ ಬೇಗ ತಲುಪುತ್ತದೆ. ಎಲ್ಲರ ಕೈಯಲ್ಲೂ ಫೋನಿದೆ.

ಇಲ್ಲಿ ಒಂದು ಮಾತು. ನಮ್ಮ ವಿಜಯಪುರ, ಗದಗ, ಕೊಪ್ಪಳದ ಜನ ಗೋವಾಕ್ಕೆ ಕೂಲಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಹೀಯಾಳಿಸಿ 'ಘಾಟಿ' (ಘಟ್ಟದವರು) ಅಂತಾರೆ. ಕಳ್ಳತನ ಆದರೆ ಮೊದಲು ನೋಡುವುದು ಅವರ ಕಡೆ. 2004ರಲ್ಲಿ ಅಲ್ಲಿನ ಬೈನಾದಲ್ಲಿ ಕನ್ನಡಿಗರ ಮನೆ ಕೆಡವಿದಾಗ ಇಲ್ಲಿ ನಾವು ಎಷ್ಟು ಸಿಟ್ಟಾಗಿದ್ದೆವು. ಅಷ್ಟೇ, ಜಾಸ್ತಿ ಎಳೆಯುವುದಿಲ್ಲ.

ಈಗ ಕಾನೂನಿಗೆ ಬರೋಣ. ಇದನ್ನು ನಾನು ವಕೀಲರಾಗಿರುವ ನಮ್ಮ ಭಾವನ ಹತ್ತಿರ ಕೂತು ಓದಿಸಿಕೊಂಡೆ. ಓದಿ ತಲೆ ಕೆಟ್ಟಿತು.

ಕೇಂದ್ರ ಸರ್ಕಾರ 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿತು. ಸೆಪ್ಟೆಂಬರ್ 1ರಿಂದ ಜಾರಿ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೇ ಕಾಯ್ದೆ ಹೋದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸುಳ್ಳು ದಾಖಲೆಗೆ 2ರಿಂದ 7 ವರ್ಷ. ನಾನು ವಿದೇಶಿ ಅಲ್ಲ ಅಂತ ತೋರಿಸುವ ಹೊರೆ ಮೊದಲಿನ ಹಾಗೆಯೇ ಆ ಮನುಷ್ಯನ ಮೇಲೆ. ಬಿಗಿ ಕಾನೂನು ಬೇಕು ಅಂದವರಿಗೆ ಬಿಗಿ ಕಾನೂನು ಸಿಕ್ಕಿತು.

ಇನ್ನೊಂದು ಕಡೆ ನೋಡಿ. 1979ರಲ್ಲಿ ಅಂತರ ರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂತ ಒಂದು ಬಂದಿತ್ತು. ಬೇರೆ ರಾಜ್ಯದಿಂದ 5 ಜನರನ್ನು ಕರೆತಂದರೂ ಸಾಕು, ಆ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕು. ಪ್ರತಿ ಕಾರ್ಮಿಕನಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ಅದರಲ್ಲಿ ಎಲ್ಲಿ ಕೆಲಸ, ಎಷ್ಟು ಕೂಲಿ, ಎಲ್ಲ ಬರೆದಿರಬೇಕು. ಯೋಚನೆ ಮಾಡಿ, ನನ್ನ ಎರಡು ಬಾಬುಗಳಿಗೂ ಅಂಥ ಪಾಸ್‌ಬುಕ್ ಇದ್ದಿದ್ದರೆ! ನಮ್ಮ ಕಡೆ ಅಂಥ ಪಾಸ್‌ಬುಕ್ ನಾನು ಕಣ್ಣಾರೆ ಒಂದನ್ನೂ ನೋಡಿಲ್ಲ. ಯಾವ ಸರ್ಕಾರವೂ ಅದರ ಗೋಜಿಗೆ ಹೋಗಲಿಲ್ಲ, ಕಾಂಗ್ರೆಸ್ಸೂ ಇಲ್ಲ, ದಳವೂ ಇಲ್ಲ, ನೀವೂ ಇಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂತು. 1979ರ ಕಾಯ್ದೆ ಅದರಲ್ಲಿ ಕರಗಿಹೋಯಿತು. ಈಗ ವಲಸೆ ಕಾರ್ಮಿಕರ ನಿಯಮ ಅನ್ವಯ ಆಗುವುದು 10 ಅಥವಾ ಅದಕ್ಕಿಂತ ಹೆಚ್ಚು ವಲಸೆ ಕಾರ್ಮಿಕರು ಇರುವ ಕಡೆ. ಗುತ್ತಿಗೆದಾರನ ಲೈಸೆನ್ಸ್ ಬೇಕಾಗುವುದು 50 ಜನ ಇದ್ದರೆ. ನನ್ನ ತೋಟದಲ್ಲಿ ಇದ್ದದ್ದು 8 ಜನ. ಹಳೇ ಕಾಯ್ದೆ ನನ್ನನ್ನು ಹಿಡಿಯುತ್ತಿತ್ತು, ಹೊಸದು ಬಿಟ್ಟಿತು. ತೋಟ ಕಾರ್ಮಿಕರ ಕಾಯ್ದೆ ಮೊದಲಿಂದಲೂ ನನ್ನಂಥವರನ್ನು ಮುಟ್ಟುತ್ತಿರಲಿಲ್ಲ, ಅದಕ್ಕೆ 5 ಹೆಕ್ಟೇರ್ ಇರಬೇಕು. ಈ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ನನ್ನ ಹಾಗೆ ಸಣ್ಣವರೇ. ಒಬ್ಬೊಬ್ಬರ ಲೈನ್‌ನಲ್ಲಿ ನಾಲ್ಕು, ಆರು, ಎಂಟು ಜನ. ಅಂದರೆ ನೀವು ಹುಡುಕುತ್ತಿರುವ ಜನ ಕೂತಿರುವ ಜಾಗವನ್ನೇ ಲೆಕ್ಕದಿಂದ ಹೊರಗೆ ಇಟ್ಟ ಹಾಗಾಯಿತು. ದಂಡದ ಮೊತ್ತ ಏರಿಸಿದ್ದೂ, ಪಟ್ಟಿ ಬರೆಯುವ ಕೆಲಸ ಇಳಿಸಿದ್ದೂ ಒಂದೇ ವರ್ಷದಲ್ಲಿ, ದೆಹಲಿಯ ನಿಮ್ಮದೇ ಸರ್ಕಾರ. ಇದರ ಬಗ್ಗೆ ಸದನದಲ್ಲಿ ನೀವು ಒಂದು ಮಾತು ಆಡಬಹುದಿತ್ತು.

ಪಟ್ಟಿ ಬರೆದು, ಪಕ್ಕದಲ್ಲೇ ಇಟ್ಟುಕೊಂಡು ಬದುಕಬಹುದು ಅನ್ನುವುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಬೈಲಕುಪ್ಪೆ. 1961ರ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಟಿಬೆಟಿನಿಂದ ಬಂದವರಿಗೆ ಸುಮಾರು 3,000 ಎಕರೆ ಕೊಟ್ಟಿತು. ಅವರಲ್ಲಿ ಹೆಚ್ಚಿನವರನ್ನು ಸರ್ಕಾರ ವಿದೇಶಿಯರು ಅಂತಲೇ ಲೆಕ್ಕ ಇಡುತ್ತದೆ. ಅಂಥವರ ಹತ್ತಿರ ನೋಂದಣಿ ಪತ್ರ ಇರಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ನಮ್ಮಪ್ಪ ಅಲ್ಲಿಂದ ಮೆಕ್ಕೆಜೋಳ ಬೀಜ ತರುತ್ತಿದ್ದರು. ಅವರಿಗೂ ಕಷ್ಟ ಇದೆ, ಪತ್ರ ನವೀಕರಿಸಲು ಅಲೆದಾಡುವ ಗೋಳು ಇದೆ. ಆದರೆ ಬೈಲಕುಪ್ಪೆಯಲ್ಲಿ ಒಬ್ಬ ಏನಾದರೂ ಮಾಡಿದರೆ ಅವನು ಯಾರು ಅಂತ ಕಂಡುಹಿಡಿಯಲು ಪೊಲೀಸರಿಗೆ ಎರಡು ದಿನ ಸಾಕು. ನನ್ನ ಲೈನ್ ಮನೆಯಲ್ಲಿದ್ದ ಭಾರತೀಯರನ್ನು (ಭಾರತೀಯರೇ ಆಗಿದ್ದರೆ) ಹುಡುಕಲು ಆಗಲಿಲ್ಲ.

ಸಾರ್, ನಿಮಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. 2012ರ ಆಗಸ್ಟ್ ನನಗೆ ಚೆನ್ನಾಗಿ ನೆನಪಿದೆ. ಅಸ್ಸಾಮಿನ ಕೋಕ್ರಾಜಾರ್‌ನಲ್ಲಿ ಗಲಭೆ ಆಗಿತ್ತು. ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್ಎಂಎಸ್ ಹರಿದಾಡಿತು. ಸ್ವಾತಂತ್ರ್ಯ ದಿನದ ಸಂಜೆ ಸಾವಿರಾರು ಜನ ಬ್ಯಾಗು ಹಿಡಿದು ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಎಂಎಸ್ ಅಂತ ಮಿತಿ ಹಾಕಿತು. ಆಗ ಗೃಹ ಸಚಿವರು ನೀವು. ಆ ಜನಸಾಗರದ ನಡುವೆ ಸ್ಟೇಷನ್‌ಗೆ ಹೋಗಿ, ಹೋಗಬೇಡಿ, ನಿಮ್ಮ ರಕ್ಷಣೆ ನಮ್ಮದು ಅಂತ ಕೇಳಿಕೊಂಡವರು ನೀವು. ಟಿವಿಯಲ್ಲಿ ನೋಡಿ, ಪಕ್ಷ ಯಾವುದಾದರೂ ಇರಲಿ, ಇದು ಸರಿ ಅಂತ ನಾನು ಜೋರಾಗಿಯೇ ಹೇಳಿದ್ದೆ.

ಅವತ್ತು ರೈಲು ಹತ್ತಿದವರಲ್ಲಿ ಯಾರು ಅಸ್ಸಾಮಿನವರು, ಯಾರು ಅಲ್ಲ ಅಂತ ನೀವು ಕೇಳಲಿಲ್ಲ. ಒಂದು ಮಾತು, ಒಂದು ಮೆಸೇಜು ಜನರನ್ನು ಹೇಗೆ ಓಡಿಸುತ್ತದೆ ಅಂತ ಕಣ್ಣಾರೆ ನೋಡಿದ ರಾಜಕಾರಣಿ ಈ ರಾಜ್ಯದಲ್ಲಿ ನಿಮ್ಮಷ್ಟು ಇನ್ನೊಬ್ಬರಿಲ್ಲ. ಅದಕ್ಕೇ ಈ ಪತ್ರ ಗೃಹ ಸಚಿವರಿಗಲ್ಲದೆ ನಿಮಗೆ ಬರೆದೆ.

ನಿಮ್ಮಿಂದ ಕೇಳುವುದು ಇಷ್ಟೇ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕಾದದ್ದು, ಹಾಕಿ. ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಇರುವ ಕಾರ್ಮಿಕ ಗುತ್ತಿಗೆದಾರರು ಎಷ್ಟು ಜನ? ನಮ್ಮ ಠಾಣೆಯಿಂದ ಅಸ್ಸಾಂ ಪೊಲೀಸರಿಗೆ ವಿಳಾಸ ಪರಿಶೀಲನೆಗೆ ಕಳಿಸಿದ ಪತ್ರಕ್ಕೆ ಉತ್ತರ ಬರಲು ಎಷ್ಟು ದಿನ? ಬೀಟ್ ಕಾನ್‌ಸ್ಟೇಬಲ್ ಒಬ್ಬರಿಗೆ ಎಷ್ಟು ಹಳ್ಳಿ, ಎಷ್ಟು ತೋಟ? ನಮ್ಮ ಬೀಟಿನವರು ಒಳ್ಳೆಯ ಮನುಷ್ಯ, ಆದರೆ ಬೈಕಿನ ಪೆಟ್ರೋಲಿಗೇ ಅವರ ಸಂಬಳ ಹೋಗುತ್ತದೆ ಅನ್ನುವ ಹಾಗಿದೆ. ಹಾಗೇ ಆ ಫಾರಂನಲ್ಲಿ ಹೋಬಳಿ ಜಾಗಕ್ಕೆ ಏನು ಬರೆಯಬೇಕು ಅಂತಲೂ ಕೇಳಿ. ಹತ್ತರ ಒಳಗಿನ ಕಾರ್ಮಿಕರನ್ನೂ ಬರೆದುಕೊಳ್ಳುವ ಹಾಗೆ ರಾಜ್ಯವೇ ಒಂದು ನಿಯಮ ಮಾಡಲಿ ಅಂತ ಒತ್ತಾಯ ಮಾಡಿ. ಪಟ್ಟಿ ಕಾರ್ಮಿಕ ಇಲಾಖೆಯಲ್ಲಿ ಇರಲಿ, ಕನ್ನಡದ ಜೊತೆ ಬಂಗಾಳಿ, ಅಸ್ಸಾಮಿ ಲಿಪಿಯಲ್ಲೂ ಇರಲಿ. ಬರೆಸಲು ಬಂದವನನ್ನು ಅವತ್ತೇ ವಿದೇಶಿ ಅಂತ ಕೂರಿಸಬಾರದು. ಬೆಳೆಗಾರ ತಪ್ಪಿಸಿದರೆ ಅವನಿಗೇ ದಂಡ ಹಾಕಿ, ನನ್ನಿಂದಲೇ ಶುರು ಮಾಡಿ ಬೇಕಾದರೆ. ನಮ್ಮ ಬೆಳೆಗಾರರ ಸಂಘದವರು ಈ ಮಾತಿಗೆ ನನ್ನನ್ನು ಬೈಯುತ್ತಾರೆ, ಗೊತ್ತು.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮವರ ಮನೆ, ತೋಟ, ಪಹಣಿ, ರೇಷನ್ ಕಾರ್ಡು ಎಲ್ಲ ಮಣ್ಣಿನಡಿ ಹೋಯಿತು. ಮನೆಯೇ ಕೊಚ್ಚಿಹೋದವನ ಹತ್ತಿರ ಕಾಗದ ಕೇಳುವುದು ಎಷ್ಟು ಸರಿ ಅಂತ ಆಗ ನಾವೇ ಕೇಳಿದೆವು. ಬ್ರಹ್ಮಪುತ್ರ ಮತ್ತು ಅದರ ಉಪನದಿಗಳು 1950ರಿಂದ ಈಚೆಗೆ ಅಸ್ಸಾಮಿನ 4 ಲಕ್ಷ ಹೆಕ್ಟೇರ್‌ಗೂ ಹೆಚ್ಚು ನೆಲವನ್ನು ನುಂಗಿವೆ ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಡುತ್ತದೆ. ಆ ಬರ್ಪೇಟಾದ ಹುಡುಗ ಠಾಣೆಯಲ್ಲಿ ಫೋನ್ ತೆಗೆದು ಅವನ ಅಪ್ಪನ ಹಳೇ ವೋಟರ್ ಲಿಸ್ಟಿನ ಫೋಟೊ ತೋರಿಸಿದ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೂರು ಮನೆ ಬದಲಿಸಿದ್ದಾರಂತೆ.

ಈ ಸಲ ಕುಯ್ಲಿಗೆ ಜನ ಬೇಕು. ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿದೆ. ಅವನೂ ಅಸ್ಸಾಮಿನವನೇ, ಬಂದು ಹತ್ತು ವರ್ಷ ಆಯ್ತು, ಕನ್ನಡದಲ್ಲಿ ನನಗಿಂತ ಜೋರಾಗಿ ಚೌಕಾಶಿ ಮಾಡುತ್ತಾನೆ. ಒಂಬತ್ತು ಜನ ಕಳಿಸ್ತೀನಿ, ಕೆಜಿಗೆ ಇಷ್ಟು ಕೊಡಿ ಅಂದ. ಕೊಡೋಣ, ಮೊದಲು ಒಂಬತ್ತು ಜನರ ಹೆಸರು, ಊರು, ಮನೆಯವರ ನಂಬರ್ ಕಳಿಸು ಅಂದೆ. ಸಂತೆಯಲ್ಲಿ 200 ಪುಟದ ಉದ್ದ ಪುಸ್ತಕ ಒಂದು ತಂದು ಇಟ್ಟಿದ್ದೇನೆ, ಗೆರೆ ಕೂಡ ಹಾಕಿದ್ದೇನೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪೊಲೀಸರಿಗಾ ಅಣ್ಣಾ?" ಅಂದ.

ನನಗೆ ಅಂದೆ.

ಇನ್ನೂ ಕಳಿಸಿಲ್ಲ.

ಇಂತಿ,
ಶನಿವಾರಸಂತೆ ಹತ್ತಿರದ ಒಬ್ಬ ಕಾಫಿ ಬೆಳೆಗಾರ